ಕರಗಿಸಿದ ರೆಕಾರ್ಡಿನ ದನಿ

ವರ್ನೆಲ್ ಮೊದಲ ಸಲ ಮನೆ ಬಿಟ್ಟದ್ದು ಈಸ್ಟರ್ ಹಬ್ಬದ ಮಾರನೇ ಸೋಮವಾರ. ಸ್ಕೂಲಿಗೆಂದು ಹೊರಟವನು ಗೇಟಿನ ಮುಂದೆ ನಿಲ್ಲದೆ ಹಾಗೇ ನಡೆದುಬಿಟ್ಟ. ಹದಿನೈದು ವಯಸ್ಸು. ಜೇಬಿನಲ್ಲಿ ಹಬ್ಬಕ್ಕೆ ಬಣ್ಣ ಹಚ್ಚಿದ್ದ ಎರಡು ಬೆಂದ ಮೊಟ್ಟೆ. ಅವನನ್ನು ಸಾಕಿದ್ದ ಇಡೆಲ್ಲಾ ದೊಡ್ಡಮ್ಮ ಆ ಸಂಜೆ ಮೆಟ್ಟಿಲ ಮೇಲೆ ನಿಂತು, ಬೀದಿಯ ಎರಡು ತುದಿಗೂ ಕೇಳುವ ಹಾಗೆ ಕೂಗಿದಳಂತೆ... "ವರ್ನೆ...ಲ್! ಏನಾದ್ರೂ ತಿಂದ್ಯೇನೋ?" ಕತ್ತಲಾದ ಮೇಲೆ ಅವಳು ಅವನನ್ನು ಒಳಗೆ ಕರೆಯುತ್ತಿದ್ದದ್ದೇ ಹಾಗೆ. ಅವತ್ತು ಓಗೊಡುವವನು ಇರಲಿಲ್ಲ.

ಇದು ಕಟ್ಟಿದ ಕತೆಯಲ್ಲ. ಶಿಕಾಗೊದ ದಕ್ಷಿಣ ಭಾಗದಲ್ಲಿ, ಎಪ್ಪತ್ತೊಂಬತ್ತನೇ ಬೀದಿಯ ಆಚೆ, ಆ ಮೆಟ್ಟಿಲು ಇನ್ನೂ ಇದೆ.

ಅವನು ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು. ಮೆಂಫಿಸ್‌ನಲ್ಲಿ ಪಾತ್ರೆ ತೊಳೆದ, ಡೆಟ್ರಾಯಿಟ್‌ನಲ್ಲಿ ಲಾರಿಗೆ ಸರಕು ಹೇರಿದ. ವರ್ಷಗಳಾದ ಮೇಲೆ ಒಂದು ಚಳಿಗಾಲ, ದಿಂಬಿನ ಚೀಲದಲ್ಲಿ ಹಳೇ ಡ್ರಮ್ ಮಷೀನೊಂದನ್ನು ಸುತ್ತಿಕೊಂಡು ಅದೇ ಮೆಟ್ಟಿಲು ಹತ್ತಿದ. ಬಾಗಿಲು ತೆಗೆದದ್ದು ದೊಡ್ಡಮ್ಮನ ಮಗಳು ಬರ್ನಡೀನ್.

"ಬಂದ್ಯಾ ಮಹರಾಯ? ಅಮ್ಮನ್ನ ಮಣ್ಣು ಮಾಡಿ ಎಷ್ಟೋ ದಿನ ಆಯ್ತು. ನಿಂಗೆ ಯಾವ ವಿಳಾಸಕ್ಕೆ ತಿಳಿಸ್ಬೇಕಿತ್ತು, ಬಸ್ಸಿನ ಸೀಟಿಗಾ?"

ಅವನು ಅಲ್ಲೇ ಹಿಮದ ಮೇಲೆ ಕೂತುಬಿಟ್ಟ. "ಅಕ್ಕ... ಈ ಸಲ ಇರ್ತೀನಿ. ಎಲ್ಲೂ ಹೋಗಲ್ಲ" ಅಂದ.

"ಕಂಡಿದೀನಿ ಬಿಡು. ನೆಲಮಾಳಿಗೇಲಿ ಮಲ್ಕೋ. ಅಲ್ಲಿ ಅಮ್ಮನ ಪೆಟ್ಟಿಗೆಗಳಿವೆ. ಮುಟ್ಟಿದ್ಯೋ, ಕೈ ಮುರೀತೀನಿ."

ಆ ಪೆಟ್ಟಿಗೆಗಳಲ್ಲಿದ್ದದ್ದು ದೊಡ್ಡಮ್ಮ ಹರೆಯದಲ್ಲಿ ಹಾಡಿದ್ದ ಒಂದೇ ಒಂದು ದೇವರ ಹಾಡಿನ ರೆಕಾರ್ಡು, ಅದರದೇ ಪ್ರತಿಗಳು. ಚರ್ಚಿನ ಬಾಗಿಲಲ್ಲಿ ಮಾರಿದ ಕೆಲವು ಸವೆದೋ ಮುರಿದೋ ಹೋಗಿದ್ದವು. ಉಳಿದವೆಲ್ಲ ಇಲ್ಲೇ, ರಟ್ಟಿನ ಪೆಟ್ಟಿಗೆಗಳಲ್ಲಿ.

ಊರಿನ ಹುಡುಗರಿಗೆಲ್ಲ ಆಗ ಹೌಸ್ ಅನ್ನುವ ಹೊಸ ಕುಣಿತದ ಸಂಗೀತದ ಹುಚ್ಚು ಹಿಡಿದಿತ್ತು. ದೊಡ್ಡ ಸಂಗೀತಗಾರರು ಬೇಡವೆಂದು ಬಿಸಾಡಿದ ಮಷೀನುಗಳನ್ನು ಅಡವಿನಂಗಡಿಯಿಂದ ತಂದು, ರಾತ್ರಿಯೆಲ್ಲ ತಾಳ ಕೂಡಿಸಿ ಟೇಪು ಮಾಡುವುದು. ಯಾವುದಾದರೂ ಕ್ಲಬ್ಬಿನಲ್ಲಿ ಹಾಕಿಸುವುದು. ಜನ ನಿಂತು ಬಿಟ್ಟರೆ ಟೇಪು ಕಸದ ಬುಟ್ಟಿಗೆ, ಕುಣಿದರೆ ರೆಕಾರ್ಡು. ವರ್ನೆಲ್‌ನ ಗೆಳೆಯ ಲಮಾಂಟ್ ಒಂದು ಹಳೇ ಗೋದಾಮಿನ ಕ್ಲಬ್ಬಿನಲ್ಲಿ ರೆಕಾರ್ಡು ಹಾಕುತ್ತಿದ್ದವನು. ಇಬ್ಬರೂ ಕೂಡಿ ಒಂದು ಟೇಪು ಮಾಡಿದರು. ಅದರಲ್ಲಿ ಹಾಡಿಲ್ಲ, ಮಾತಿಲ್ಲ. ಧಮ್ ಧಮ್ ಧಮ್ ಧಮ್... ನಡುವೆ ಚಟ್ ಅಂತ ಒಂದು ಚಪ್ಪಾಳೆ. ಕೆಳಗೆ ಹೊಟ್ಟೆ ನಡುಗಿಸುವ ಒಂದು ತಗ್ಗು ತಂತಿಯ ನಾದ. ಅಷ್ಟೇ. ಜನ ಬೆವರು ಹರಿಯುವ ಹಾಗೆ ಕುಣಿದರು.

ರೆಕಾರ್ಡು ಅಚ್ಚು ಹಾಕುವವನೊಬ್ಬನಿದ್ದ. ಹೊಸ ಸರಕು ದುಬಾರಿ ಅಂತ ಹಳೇ ರೆಕಾರ್ಡುಗಳನ್ನು ಪುಡಿ ಮಾಡಿ, ಕರಗಿಸಿ, ಅದರಲ್ಲೇ ಹೊಸದನ್ನು ಒತ್ತುತ್ತಿದ್ದ. "ಹಳೇವು ಎಷ್ಟು ತರ್ತೀರೋ ಅಷ್ಟು ಬೇಗ ಕೊಡ್ತೀನಿ" ಅಂದಿದ್ದ.

ಒಂದು ಬೆಳಗ್ಗೆ ಲಮಾಂಟ್ ವ್ಯಾನು ತಂದ. ರಾತ್ರಿಯೆಲ್ಲ ಕೆಲಸ ಮಾಡಿ ವರ್ನೆಲ್ ಹೆಣದ ಹಾಗೆ ಬಿದ್ದಿದ್ದ.

"ಲೋ, ಮೂಲೇಲಿರೋ ಹಳೇವನ್ನ ಒಯ್ಲಾ?"

"ಹ್ಞೂಂ... ಒಯ್ಯೋ" ಅಂದು ಮಗ್ಗುಲು ತಿರುಗಿದ. ಅವನ ಮನಸ್ಸಿನಲ್ಲಿದ್ದದ್ದು ಈಚೆ ಮೂಲೆಯ ಹಳೇ ಡಿಸ್ಕೊ ರೆಕಾರ್ಡು.

ಎದ್ದಾಗ ಅವು ಇದ್ದಲ್ಲೇ ಇದ್ದವು. ಆಚೆ ಮೂಲೆಯಲ್ಲಿ ಮಾತ್ರ, ಪೆಟ್ಟಿಗೆಗಳಿದ್ದ ಕಡೆ, ನೆಲದ ಮೇಲೆ ತೇವದ ಚೌಕ.

ಅವನು ಶೂ ಕಟ್ಟದೆ ಓಡಿದ. ಕಾರ್ಖಾನೆಯ ಹೊರಗೇ ಕೇಳಿಸಿತು... ಕರ್ರ್... ಕಟಕಟ... ಕರ್ರ್... ಒಳಗೆ ಹೋಗುವಷ್ಟರಲ್ಲಿ ಅದೂ ನಿಂತಿತ್ತು. ಉಳಿದದ್ದು ಕಾದ ಟಾರಿನಂಥ ವಾಸನೆ.

ಬರ್ನಡೀನಳಿಗೆ ಹೇಳಲು ಅವನಿಗೆ ಬಾಯಿ ಬರಲಿಲ್ಲ. ಹೊಸ ರೆಕಾರ್ಡು ಬಂತು, ಅಂಗಡಿಗಳಿಗೂ ಹೋಯಿತು. ಬೇಸಿಗೆ ಬರುವಷ್ಟರಲ್ಲಿ ಬೀದಿಯ ಕಾರುಗಳಲ್ಲೆಲ್ಲ ಅದೇ ಧಮ್ ಧಮ್.

ಒಂದು ರಾತ್ರಿ ಕ್ಲಬ್ಬು ಮುಚ್ಚಿದ ಮೇಲೆ ಲಮಾಂಟ್ ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದ. ಪಿಸುದನಿಯಲ್ಲಿ ಕೇಳಿದ.

"ನಂಗೆ ಹೇಳ್ದೆ ಯಾವಾಗ ಹಾಡ್ಸಿದ್ಯೋ?"

"ಯಾರನ್ನ?"

"ಕೊನೇಲಿ. ಮ್ಯೂಸಿಕ್ ಮುಗಿದ ಮೇಲೆ. ಯಾರೋ ಹೆಂಗಸು ಗುನುಗ್ತಾಳೆ."

"ಟೇಪಲ್ಲಿ ಯಾರೂ ಇಲ್ಲ."

"ಟೇಪಲ್ಲಿ ಇಲ್ಲ. ಅದಕ್ಕೇ ಕೇಳ್ತಿದೀನಿ..."

ವರ್ನೆಲ್ ನಗಲು ನೋಡಿದ. ನಗು ಬರಲಿಲ್ಲ. ತಮ್ಮ ಹೊಸ ರೆಕಾರ್ಡಿನ ಪೆಟ್ಟಿಗೆ ಹೊತ್ತು ಒಬ್ಬನೇ ಮನೆ ಕಡೆ ಹೊರಟ. ದಾರಿಯಲ್ಲಿ ರೈಲು ಸೇತುವೆ. ಅದರ ಕೆಳಗೆ ದೀಪವಿಲ್ಲ. ಮೇಲಿನಿಂದ ನೀರು ತೊಟ್ಟಿಕ್ಕುತ್ತಿತ್ತು... ಟಪ್... ಟಪ್... ಅರ್ಧ ದಾಟಿದಾಗ ಎದೆಗೆ ಒತ್ತಿಕೊಂಡಿದ್ದ ಪೆಟ್ಟಿಗೆ ಸಣ್ಣಗೆ ಅದುರಿತು. ಜೇನುಗೂಡಿಗೆ ಕಿವಿಗೊಟ್ಟ ಹಾಗೆ... ಮ್‌ಮ್‌ಮ್... ಮುಳ್ಳಿಲ್ಲ, ಮಷೀನಿಲ್ಲ, ಕರೆಂಟಿಲ್ಲ. ಒಳಗೆ ರೆಕಾರ್ಡುಗಳು ಗುನುಗುತ್ತಿದ್ದವು.

ಆಮೇಲೆ ಅಲ್ಲಿಂದಲೇ...

"ವರ್ನೆ...ಲ್. ಏನಾದ್ರೂ ತಿಂದ್ಯೇನೋ?"

ಅವನು ಬಾಯಿ ತೆರೆದ. ಹಾಗೇ ಮುಚ್ಚಿದ. ಮಿಸಿಸಿಪ್ಪಿಯಿಂದ ಬಂದ ದೊಡ್ಡಮ್ಮ ಅವನಿಗೆ ನಡೆಯಲು ಬರುವುದಕ್ಕೂ ಮೊದಲೇ ಕಲಿಸಿದ್ದ ಮಾತೊಂದಿತ್ತು. 'ರಾತ್ರಿ ಯಾರಾದ್ರೂ ಹೆಸರು ಹಿಡಿದು ಕರೆದ್ರೆ, ಮುಖ ಕಾಣೋವರ್ಗೂ ಓಗೊಡ್ಬೇಡ. ಸತ್ತೋರಿಗೆ ಓಗೊಟ್ಟೋನು ಮರುದಿನದ ಕತ್ತಲೆಗೆ ಆ ಊರಲ್ಲಿ ಇರಬಾರದು. ಇದ್ರೆ, ಅವರ ಜೊತೆಗೇ ಹೊರಟ ಅಂತ ಲೆಕ್ಕ.'

ಅವನು ತುಟಿ ಕಚ್ಚಿಕೊಂಡು ಓಡಿದ. ಅವತ್ತಿನಿಂದ ಆ ಕರೆ ತಪ್ಪಲಿಲ್ಲ. ಪಕ್ಕದಲ್ಲಿ ಹಾದ ಕಾರಿನಿಂದ, ಮೇಲಿನ ಮನೆಯ ಕಿಟಕಿಯಿಂದ... ಮ್ಯೂಸಿಕ್ ಮುಗಿದ ಕೂಡಲೇ. ಅವನು ಹಲ್ಲು ಕಚ್ಚಿ ಸುಮ್ಮನಿದ್ದ. ಮೊದಲನೇ ಸಲ ಒಂದು ಊರಿನಲ್ಲಿ ಬೇರು ಬಿಡಲು ಹೊರಟಿದ್ದ. ಅದನ್ನು ಕಿತ್ತುಕೊಂಡು ಹೋಗಲು ಮನಸ್ಸಿರಲಿಲ್ಲ.

ದೊಡ್ಡಮ್ಮ ತೀರಿಕೊಂಡು ವರ್ಷವಾದದ್ದಕ್ಕೆ ಚರ್ಚಿನ ಪ್ರಾರ್ಥನೆ ಬಂತು. ಹಿಂದಿನ ದಿನ ಶನಿವಾರ, ಕತ್ತಲಾದ ಮೇಲೆ ಬರ್ನಡೀನ್ ನೆಲಮಾಳಿಗೆಗೆ ಇಳಿದಳು. "ನಾಳೆ ಚರ್ಚಲ್ಲಿ ಅಮ್ಮನ ಹಾಡು ಹಾಕಿಸ್ತೀನಿ. ಒಂದು ರೆಕಾರ್ಡು ತೆಗೆಯೋ" ಅಂದಳು.

ವರ್ನೆಲ್ ಎಲ್ಲ ಹೇಳಿದ. ಹೇಳುವಷ್ಟು ಹೊತ್ತೂ ಅವಳು ಖಾಲಿ ಮೂಲೆಯನ್ನೇ ನೋಡುತ್ತಿದ್ದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಫೋಟೋ ಬೇಕಾದಷ್ಟಿದೆ ಕಣೋ. ಫೋಟೋ ಮಾತಾಡತ್ತಾ? ಅವಳ ದನಿ ಅಂತ ಇದ್ದದ್ದು ಅಷ್ಟೇ. ಇನ್ನೊಂದು ವರ್ಷಕ್ಕೆ ಹೇಗಿತ್ತು ಅನ್ನೋದೂ ಮರ್ತುಹೋಗತ್ತೆ ನಂಗೆ."

"ಹೋಗಿಲ್ಲ ಅಕ್ಕ. ಇದರಲ್ಲಿದೆ. ಕೇಳು..."

ತನ್ನ ರೆಕಾರ್ಡನ್ನು ಹಾಕಿದ. ಧಮ್ ಧಮ್ ಧಮ್ ಧಮ್... ಅವಳು ಮುಖ ಗಂಟಿಕ್ಕಿಕೊಂಡು ನಿಂತಳು. ಮ್ಯೂಸಿಕ್ ಮುಗಿಯಿತು. ಮುಳ್ಳು ಒಳಗಿನ ಕೊನೇ ಗೆರೆಗೆ ಬಂದು ಅಲ್ಲೇ ಸುತ್ತತೊಡಗಿತು. ಟಕ್... ಸ್ಸ್... ಟಕ್... ಸ್ಸ್...

"ಎಲ್ಲಿ?"

"ತಾಳು."

ಟಕ್... ಸ್ಸ್... ಟಕ್...

"ಸಾಕು ಮಾಡೋ ವರ್ನೆಲ್. ಸತ್ತೋಳನ್ನ ಇಟ್ಕೊಂಡು ಆಟ ಆಡ್ಬೇಡ." ಅವಳು ಮೆಟ್ಟಿಲ ಕಡೆ ತಿರುಗಿದಳು.

ಆಗ ಅವನಿಗೆ ಕೇಳಿಸಿತು. ಅವನೊಬ್ಬನಿಗೇ, ಅಷ್ಟು ಸಣ್ಣಗೆ... "ವರ್ನೆ...ಲ್. ಏನಾದ್ರೂ ತಿಂದ್ಯೇನೋ?"

ಅವನು ಬರ್ನಡೀನಳ ಬೆನ್ನು ನೋಡಿದ. ತಾನು ಮಲಗುವ ಮಂಚ ನೋಡಿದ. ಗೋಡೆಗೆ ತಾನೇ ಹೊಡೆದಿದ್ದ ಕೋಟಿನ ಮೊಳೆ ನೋಡಿದ.

"ಇಲ್ಲ ದೊಡ್ಡಮ್ಮ" ಅಂದ. "ಇನ್ನೂ ತಿಂದಿಲ್ಲ."

ಟಕ್ ಅನ್ನುವುದು ನಿಂತಿತು.

ಪಿಯಾನೊ ಶುರುವಾಯಿತು. ಆಮೇಲೆ ದೊಡ್ಡಮ್ಮ. ಹರೆಯದ ದನಿ, ತುಸು ಒರಟು, ಉಸಿರೆಳೆದುಕೊಂಡದ್ದೂ ಕೇಳುವಷ್ಟು ಹತ್ತಿರ. ಬರ್ನಡೀನ್ ಮೆಟ್ಟಿಲ ಮೇಲೆ ಕುಸಿದು ಕೂತಳು. "ಅಮ್ಮಾ..." ಅಂದಳು, ಅಷ್ಟೇ. ವರ್ನೆಲ್ ಬಗ್ಗಿ ನೋಡಿದ. ಮುಳ್ಳು ಒಳಗೂ ಸರಿಯುತ್ತಿಲ್ಲ, ಹೊರಗೂ ಸರಿಯುತ್ತಿಲ್ಲ. ಅದೇ ಕೊನೇ ಗೆರೆಯಲ್ಲಿ, ಇದ್ದಲ್ಲೇ ಸುತ್ತುತ್ತಿದೆ. ಆ ಒಂದು ಸುತ್ತಿನಲ್ಲಿ ಹಾಡು ನಡೆದೇ ಇತ್ತು.

ಭಾನುವಾರ ಚರ್ಚಿನಲ್ಲಿ ಅದನ್ನೇ ಹಾಕಿದರು. ಬರ್ನಡೀನ್ ತಾನೇ ಮುಳ್ಳನ್ನು ಕೊನೇ ಗೆರೆಯ ಮೇಲಿಟ್ಟಳು. ಆ ತುಂಬಿದ ಚರ್ಚಿನಲ್ಲಿ ಜನರ ಕೈಯ ಬೀಸಣಿಗೆಗಳೆಲ್ಲ ನಿಂತವು. ಹಾಡು ಮುಗಿಯುವ ತನಕ ಯಾರೂ ಕೆಮ್ಮಲಿಲ್ಲ. ಕೇಳಿದವರು ಇವತ್ತಿಗೂ ಆ ಬೀದಿಯಲ್ಲಿದ್ದಾರೆ. ಹೋಗಿ ಕೇಳಿ.

ಸಂಜೆ ವರ್ನೆಲ್ ನೆಲಮಾಳಿಗೆಯಲ್ಲಿ ಚೀಲ ತುಂಬುತ್ತಿದ್ದ. ಬರ್ನಡೀನ್ ಕಾಗದದಲ್ಲಿ ಕೋಳಿ ಹುರಿದದ್ದು, ಜೋಳದ ರೊಟ್ಟಿ ಸುತ್ತಿ ತಂದು ಕೊಟ್ಟಳು.

"ಓಗೊಟ್ಟುಬಿಟ್ಟೆ. ಇನ್ನು ಇರೋ ಅಂತ ಹೇಳೋ ಹಾಗೂ ಇಲ್ವಲ್ಲೋ."

"ಹೇಳ್ಬೇಡ ಅಕ್ಕ. ಇದ್ದುಬಿಡ್ತೀನಿ."

ಮೆಟ್ಟಿಲ ಮೇಲೆ ಕೋಲು ಊರುವ ಸದ್ದು. ಚರ್ಚಿನಲ್ಲಿ ಹಿಂದೆ ಪಿಯಾನೊ ಬಾರಿಸುತ್ತಿದ್ದ ಹೋಸಿಯಾ ತಾತ. ಬೆರಳುಗಳೆಲ್ಲ ಈಗ ಸೊಟ್ಟ. ಒಳಗೆ ಬಂದು ಕೂರದೆ ಬಾಗಿಲಲ್ಲೇ ನಿಂತ.

"ಆ ರೆಕಾರ್ಡು ಎಲ್ಲಿ ಸಿಕ್ತು?"

"ಯಾಕೆ ತಾತ?"

ಮುದುಕ ದನಿ ಇಳಿಸಿದ. "ಅವತ್ತು ಸ್ಟುಡಿಯೋದಲ್ಲಿ ಅವಳಿಗೆ ಬಾರಿಸಿದ್ದು ನಾನೇ. ರೆಕಾರ್ಡಲ್ಲಿ ಜಾಗ ಇಲ್ಲ ಅಂತ ಎರಡೇ ಚರಣ ಹಾಡ್ಸಿದ್ರು. ಮೂರನೇದು ಹಾಡ್ಲೇ ಇಲ್ಲ. ಅದಕ್ಕೆ ಅವಳು ದಾರೀಲೆಲ್ಲ ಅತ್ಲು."

"ಇವತ್ತು ಮೂರೂ ಇತ್ತಲ್ಲ" ಅಂದಳು ಬರ್ನಡೀನ್.

"ಇತ್ತು. ಪಿಯಾನೊನೂ ಇತ್ತು." ಅವನು ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. "ಬಾರಿಸಿರೋದು ನಾನೇ. ನನ್ನ ಕೈ ನಂಗೆ ಗೊತ್ತಾಗಲ್ವಾ? ಆದ್ರೆ ಆ ಮೂರನೇ ಚರಣ ನಾನು ಯಾವತ್ತೂ ಬಾರ್ಸಿಲ್ಲ..."

ನಡೆದದ್ದು ಇಷ್ಟೇ, ಇದಕ್ಕೆ ಒಂದು ಮಾತೂ ಸೇರಿಸಿಲ್ಲ. ಕಿಟಕಿಯಲ್ಲಿ ಬೆಳಕು ಇಳಿಯುತ್ತಿತ್ತು. ವರ್ನೆಲ್ ಡ್ರಮ್ ಮಷೀನನ್ನು ದಿಂಬಿನ ಚೀಲಕ್ಕೆ ಹಾಕಿ, ಅದರ ಬಾಯಿಗೆ ಗಂಟು ಬಿಗಿದ.