ಅರುವತ್ತನಾಲ್ಕು ಅಡಿಯ ಬಾವಿ

ಕೊನೆಯ ಬಸ್ಸು ಹೋಗಿ ತುಂಬ ಹೊತ್ತಾಗಿತ್ತು. ಮಳೆ ಬಿಟ್ಟಿತ್ತು, ಮರದ ಹನಿ ಬಿಟ್ಟಿರಲಿಲ್ಲ... ಟಪ್... ಟಪ್. ಕುಶಾಲಪ್ಪ ತೂಟೆ ಬೀಸಿಕೊಂಡು ಗೋಳಿಮರದ ಬುಡಕ್ಕೆ ಬಂದ. ತೂಟೆ ಅಂದರೆ ತೆಂಗಿನ ಗರಿಯ ಪಂಜು, ಬೀಸಿದ ಹಾಗೆ ಬುಸ್ ಬುಸ್ ಅಂತ ಉರಿಯುತ್ತದೆ. ಮರದ ಆಚೆ ಒಂದು ಬಾವಿ. ಹಗಲಲ್ಲೂ ಯಾರೂ ನೀರು ಸೇದದ ಬಾವಿ.

ನಗಬೇಡಿ. ಕುಶಾಲಪ್ಪ ನನ್ನ ಚಿಕ್ಕಪ್ಪನ ಮಗ. ಇದು ಅವನಿಗೆ ಆದದ್ದು, ಅರ್ಧ ನನ್ನ ಕಣ್ಣೆದುರೇ ಆದದ್ದು. ನಾನು ಆಗ ಪುಂಜಾಲಕಟ್ಟೆಯಲ್ಲಿ ಜೀನಸಿನ ಅಂಗಡಿ ಇಟ್ಟಿದ್ದೆ. ತಕ್ಕಡಿ ಹಿಡಿದವನಿಗೆ ಯಾರನ್ನೂ ನಂಬಿ ಅಭ್ಯಾಸ ಇಲ್ಲ. ದೆವ್ವ ಅಂದರೆ, ಯಾವ ಪೋಕ್ರಿಯ ಕೆಲಸ ಅಂತ ಮೊದಲು ಕೇಳುವ ಜನ ನಾನು.

ಚೀನಾ ಯುದ್ಧದ ಮರು ವರ್ಷ. ಮಾರ್ಚಿಯಲ್ಲಿ ಎಸ್ಸೆಸೆಲ್ಸಿ ಬರೆದ ಕುಶಾಲಪ್ಪ ಭೌತಶಾಸ್ತ್ರ ಒಂದರಲ್ಲಿ ಡುಮ್ಕಿ ಹೊಡೆದ. ಸೆಪ್ಟೆಂಬರಿನಲ್ಲಿ ಇನ್ನೊಂದು ಸಲ ಕೂರಬೇಕು. ಪಾಸಾದರೆ ಮಾಸ್ಟ್ರ ತರಬೇತಿ. ಇಲ್ಲದಿದ್ದರೆ ಬೊಂಬಾಯಿ, ಸೋದರಮಾವ ಕೆಲಸಕ್ಕಿದ್ದ ಹೋಟೆಲಿನಲ್ಲಿ ಪ್ಲೇಟು ತೊಳೆಯುವುದು. ಮಾವ ಆಗಲೇ ಹೇಳಿ ಕಳುಹಿಸಿಯೂ ಆಗಿತ್ತು. ಇವನಿಗೋ ಮಾಸ್ಟ್ರಾಗುವ ಆಸೆ... ಹಟ್ಟಿಯ ಬಾಗಿಲಲ್ಲಿ ಸುಣ್ಣದಿಂದ ಬರೆದು ದನಗಳಿಗೆ ಪಾಠ ಹೇಳುವಷ್ಟು ಆಸೆ.

ನಿತ್ಯಾನಂದ ಮಾಸ್ಟ್ರು ರಾತ್ರಿ ತಮ್ಮ ಜಗಲಿಯಲ್ಲಿ ಕೂರಿಸಿ ಅವನಿಂದ ಲೆಕ್ಕ ಮಾಡಿಸುತ್ತಿದ್ದರು. ಎಲ್ಲ ಹಳೆ ಪ್ರಶ್ನೆಪತ್ರಿಕೆಗಳ ಲೆಕ್ಕ. ಬೀಳುವ ವಸ್ತುವಿನ ಲೆಕ್ಕ ಬಂದರೆ ಮಾತ್ರ ಇವನಿಗೆ ತಲೆ ಓಡುತ್ತಿರಲಿಲ್ಲ. ಬಾವಿಗೆ ಕಲ್ಲು ಬಿಟ್ಟು ಇಷ್ಟು ಸೆಕೆಂಡಿಗೆ ಸದ್ದು ಕೇಳಿತು, ನೀರು ಎಷ್ಟು ಆಳದಲ್ಲಿದೆ? ಆ ರಾತ್ರಿಯೂ ತಪ್ಪು ಮಾಡಿ ಬೈಸಿಕೊಂಡು ಬರುತ್ತಿದ್ದ.

ಬಾವಿ ಕಂಡಾಗ, ಮಾಡಿಯೇ ನೋಡುವ ಅನಿಸಿತಂತೆ. ಮುರಕಲ್ಲಿನ ಒಂದು ಚೂರು ಹೆಕ್ಕಿದ. ಮಾಸ್ಟ್ರ ಗೋಡೆ ಗಡಿಯಾರದ ತಾಳ ಅವನ ಕಿವಿಯಲ್ಲಿ ಕೂತಿತ್ತು. ಕಲ್ಲು ಬಿಟ್ಟ. ನಾಲಿಗೆಯಲ್ಲೇ ಎಣಿಸಿದ. ಟಕ್... ಟಕ್...

ಗುಳುಂ.

ಎರಡು ಸೆಕೆಂಡು. ಎರಡರ ವರ್ಗ ನಾಲ್ಕು, ಅದನ್ನು ಹದಿನಾರರಿಂದ ಗುಣಿಸಿದರೆ ಅರುವತ್ತನಾಲ್ಕು ಅಡಿ. ಯಾರೂ ಹೇಳಿಕೊಡದೆ ಬಂದ ಮೊದಲ ಉತ್ತರ. ಕುಣಿಯುತ್ತಾ ಮನೆಗೆ ಹೋದ.

ಮರುದಿನ ಮಾಸ್ಟ್ರು ಲೆಕ್ಕ ನೋಡಿ ತಲೆ ಆಡಿಸಿದರು. ಮತ್ತೆ ಕನ್ನಡಕ ತೆಗೆದರು.

"ಲೆಕ್ಕ ಸರಿ ಉಂಟು. ಆದರೆ ಈ ಆಟಿ ತಿಂಗಳ ಮಳೆಗೆ ಯಾವ ಬಾವಿಯ ನೀರು ಅಷ್ಟು ಕೆಳಗೆ ಉಂಟು ಮಾರಾಯ?"

ಇವನು ಹಗಲಲ್ಲಿ ಹೋಗಿ ಇಣುಕಿದ. ನೀರು ಕೈಗೆ ಸಿಗುವಷ್ಟು ಮೇಲಿತ್ತು. ಕಲ್ಲಿನ ಸಂದಿಯಲ್ಲಿ ಕಪ್ಪೆ ಕೂತಿತ್ತು. ಕಲ್ಲು ಬಿಟ್ಟರೆ ಚಳ್... ಅಷ್ಟೇ. ಎಣಿಸಲಿಕ್ಕೆ ನಾಲಿಗೆ ಎತ್ತುವಷ್ಟೂ ಹೊತ್ತಿಲ್ಲ.

ಸಂಜೆ ಅಂಗಡಿಗೆ ಬಂದು ನನ್ನ ಹತ್ತಿರ ಹೇಳಿದ.

"ಕಮಲಾಕ್ಷನ ಕೆಲಸ," ಅಂದೆ ನಾನು. ಕಮಲಾಕ್ಷನೂ ಮಾಸ್ಟ್ರ ಜಗಲಿಯಲ್ಲಿ ಕೂರುವವನೇ, ಅವನಿಗೂ ಸೆಪ್ಟೆಂಬರ್ ಇತ್ತು, ಇವನ ಲೆಕ್ಕ ತಪ್ಪಿದರೆ ಹಲ್ಲು ಕಿರಿಯುವ ಹುಡುಗ. "ಮರದ ಮರೆಯಲ್ಲಿ ನಿಂತು ಸ್ವಲ್ಪ ತಡೆದು ಇನ್ನೊಂದು ಕಲ್ಲು ಹಾಕಿದ್ದಾನೆ."

"ಹಾಗಾದರೆ ನನ್ನ ಕಲ್ಲಿನ ಸದ್ದು ಎಲ್ಲಿ ಹೋಯ್ತು?"

"ಹಿಡಿಯುವ, ಬಾ," ಅಂದೆ.

ಆ ರಾತ್ರಿ ಕಮಲಾಕ್ಷನನ್ನು ಅವನ ಮನೆಗೆ ಮುಟ್ಟಿಸಿ, ಬಾಗಿಲಿನ ಅಗಳಿ ಕಟಾರ್ ಅಂತ ಬಿದ್ದದ್ದು ಕೇಳಿದ ಮೇಲೆಯೇ ನಾವಿಬ್ಬರು ಹೊರಟದ್ದು. ಗೋಳಿಮರಕ್ಕೆ ತೂಟೆ ಹಿಡಿದು ಸುತ್ತು ಬಂದೆ. ನರಪಿಳ್ಳೆ ಇಲ್ಲ. ಬಾವಿಗೂ ಬೆಳಕು ಹಿಡಿದೆ. ನೀರು ಮೇಲೆಯೇ ಇತ್ತು, ಅದರಲ್ಲಿ ಬೆಂಕಿ ಕಾಣುತ್ತಿತ್ತು. ಬೆಳಕಿದ್ದರೆ ಕಳ್ಳ ಬರುವುದಿಲ್ಲ ಅಂತ ತೂಟೆಯನ್ನು ಒದ್ದೆ ಮಣ್ಣಿಗೆ ಒತ್ತಿದೆ. ಚೊಂಯ್...

ಕತ್ತಲು. ಕುಶಾಲಪ್ಪ ಕಲ್ಲು ಬಿಟ್ಟ.

ಟಕ್... ಟಕ್...

ಗುಳುಂ.

ಎಲ್ಲೋ ಪಾತಾಳದಿಂದ ಬಂದ ಹಾಗೆ. ಆಗ ಕೆಳಗಿನಿಂದ, ಪಿಸುದನಿಯಲ್ಲಿ...

"ಅರುವತ್ತನಾಲ್ಕು."

ಮತ್ತೆ,

"ಸರಿಯಾ?"

ಕತ್ತಲಲ್ಲಿ ಒಂದೇ ಸಲ ಕೇಳಿದ ದನಿಗೆ ಓಗೊಡಬಾರದು ಅಂತ ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಮನುಷ್ಯ ಆದರೆ ಮತ್ತೆ ಮತ್ತೆ ಕರೆಯುತ್ತಾನೆ. ಕುಶಾಲಪ್ಪನ ಬಾಯಿ ಮುಚ್ಚಲು ಕೈ ಎತ್ತಿದೆ. ಅಷ್ಟರಲ್ಲಿ ಅವನು ಅಂದುಬಿಟ್ಟ.

"ಸರಿ."

ಅಲ್ಲಿಂದ ಓಡಿದವರು ಮನೆಯ ಅಂಗಳದಲ್ಲೇ ನಿಂತದ್ದು. ಯಾಕೆ ಬಾಯಿ ಬಿಟ್ಟೆ ಅಂತ ಬಾಯಿಗೆ ಬಂದ ಹಾಗೆ ಬೈದೆ. ಅವನು ಹೇಳಿದ್ದು ಇಷ್ಟೇ. "ಎಲ್ಲರೂ ನನಗೆ ತಪ್ಪು ಅಂತ ಹೇಳುವವರೇ ಅಣ್ಣ. ಸರಿಯಾ ಅಂತ ನನ್ನ ಹತ್ತಿರ ಕೇಳಿದವರು ಯಾರೂ ಇಲ್ಲ." ನನಗೆ ಪಾಪ ಅನಿಸಿತು. ಹೆದರಿಕೆ ಅದಕ್ಕಿಂತ ಜಾಸ್ತಿ ಆಯಿತು.

ಮತ್ತೆ ಅವನು ಒಬ್ಬನೇ ಹೋಗಲಿಕ್ಕೆ ಶುರು ಮಾಡಿದ. ನಾನು ಬೇಡ ಅಂದೆ, ಗದರಿದೆ, ಕೇಳಲಿಲ್ಲ. ಬಾವಿಕಟ್ಟೆಯಲ್ಲಿ ಕೂತು ಪ್ರಶ್ನೆ ಓದುವುದು, ಬಿಡಿಸಿ ಹೇಳುವುದು. ಕೆಳಗಿನಿಂದ ಉತ್ತರ ಬರುವುದು. ಸರಿಯಾ? ಸರಿ. ಸರಿಯಾ? ತಪ್ಪು, ಇನ್ನೊಂದು ಸಲ ಮಾಡು. ಬೇರೆಯವರಿಗೆ ಹೇಳಿಕೊಟ್ಟು ಹೇಳಿಕೊಟ್ಟು ಇವನಿಗೇ ಲೆಕ್ಕ ಒಲಿಯಿತು. ಆಟಿ ಕಳೆಯುವಾಗ ಮಾಸ್ಟ್ರು, "ಈ ಹುಡುಗನಿಗೆ ಇನ್ನು ನಾನು ಬೇಡ," ಅಂತ ನನ್ನ ಅಂಗಡಿಗೇ ಬಂದು ಹೇಳಿಹೋದರು.

ಎಲ್ಲರಿಗೂ ಖುಷಿ. ನನಗೆ ಮಾತ್ರ ಇಲ್ಲ. ದಿನಾ ಬಂದು ಕೂತು ಏನೂ ಕೊಳ್ಳದೆ ಹೋಗುವ ಗಿರಾಕಿಯ ಮೇಲೆ ನನ್ನದು ಯಾವಾಗಲೂ ಒಂದು ಕಣ್ಣು. ಬಾವಿಯಲ್ಲಿದ್ದದ್ದಕ್ಕೂ ಏನೋ ಬೇಕಿತ್ತು. ಒಂದು ದಿನ ಅವನನ್ನು ಅಕ್ಕಿ ಮೂಟೆಗಳ ಹಿಂದೆ ಕರೆದು ಕೇಳಿದೆ.

"ಅದು ಯಾರು?"

"ಕೇಳಲಿಲ್ಲ. ಅವನಿಗೂ ಸೆಪ್ಟೆಂಬರ್ ಉಂಟಂತೆ."

"ನಿನ್ನ ಹತ್ತಿರ ಏನು ಕೇಳ್ತದೆ?"

"ಲೆಕ್ಕ ಕೇಳ್ತಾನೆ, ಅಷ್ಟೇ." ಮೂಟೆಯ ಹೊಲಿಗೆಯ ದಾರ ಎಳೆದ. "ನಿನ್ನೆ... ನನ್ನ ನಂಬರು ಕೇಳಿದ."

"ಯಾವ ನಂಬರು?"

"ಪರೀಕ್ಷೆಯದ್ದು."

"ಹೇಳಿದಿಯಾ?"

ಹೌದು ಅಂತ ತಲೆ ಆಡಿಸಿದ. ನನಗೆ ಅವನ ಕೆನ್ನೆಗೆ ಬಿಡುವ ಅನಿಸಿತು.

ಪರೀಕ್ಷೆ ಮೂಡಬಿದ್ರೆಯಲ್ಲಿ. ಅಂಗಡಿಗೆ ಬೀಗ ಹಾಕಿ ನಾನೂ ಹೋದೆ. ನಂಬಿಕೆ ಇಲ್ಲ ನೋಡಿ. ಅವನು ಕೋಣೆಯ ಒಳಗೆ ಹೋದದ್ದನ್ನು ನೋಡಿದೆ. ಢಣ್ ಅಂತ ಗಂಟೆ ಹೊಡೆದದ್ದು ಕೇಳಿದೆ. ಎದುರಿನ ಕಟ್ಟೆಯಿಂದ ಏಳಲೇ ಇಲ್ಲ. ಕೊನೆಗೆ ಬೆರಳೆಲ್ಲ ಶಾಯಿ ಮಾಡಿಕೊಂಡು ಹೊರಗೆ ಬಂದ. "ಬಾವಿಯ ಲೆಕ್ಕವೇ ಬಂತು ಅಣ್ಣ!" ಆ ಮುಖ ನೀವು ನೋಡಬೇಕಿತ್ತು. ವೇಣೂರಿನಲ್ಲಿ ಬಸ್ಸು ಬದಲಿಸುವಾಗ ಗೋಳಿಬಜೆ ತೆಗೆಸಿಕೊಟ್ಟೆ. ಸುಮ್ಮನೆ ಏನೇನೋ ಸಂಶಯಪಟ್ಟೆನಲ್ಲ ಅಂತ ನಾಚಿಕೆಯೂ ಆಯಿತು.

ಫಲಿತಾಂಶ ಬಂತು. ಅವನ ನಂಬರು ಇಲ್ಲ.

ಮಾಸ್ಟ್ರಿಗೆ ಅದನ್ನು ಸಹಿಸಲಿಕ್ಕಾಗಲಿಲ್ಲ, ಮೂಡಬಿದ್ರೆಗೇ ಹೋಗಿ ವಿಚಾರಿಸಿ ಬಂದರು. ಬಂದವರು ಜಗಲಿಯಲ್ಲಿ ಕೂತು ಹೇಳಿದರು.

"ಹುಡುಗ ಗೈರುಹಾಜರು ಅಂತ ಹೇಳ್ತಾರೆ. ಆ ಬೆಂಚು ಖಾಲಿ ಇತ್ತಂತೆ."

ಕಮಲಾಕ್ಷ ಅದೇ ಕೋಣೆಯಲ್ಲಿ, ಹಿಂದಿನ ಸಾಲಿನಲ್ಲಿ ಬರೆದವನು. ಅವನನ್ನು ಎಳೆದು ತಂದು ಕೇಳಿದೆ. "ನಿಜ ಹೇಳ್ತೇನೆ, ನನ್ನ ಎದುರು ಯಾರೂ ಕೂರಲಿಲ್ಲ," ಅಂತ ಅಳಲಿಕ್ಕೇ ಶುರು ಮಾಡಿದ. ಅವನೂ ಹೆದರಿದ್ದ. ಕುಶಾಲಪ್ಪ ಯಾರ ಹತ್ತಿರವೂ ಜಗಳ ಮಾಡಲಿಲ್ಲ. ಒಂದು ರಾತ್ರಿ ಬಾವಿಯ ಹತ್ತಿರ ಹೋಗಿ ಬಂದ. ಎಷ್ಟು ಕರೆದರೂ ಯಾರೂ ಮಾತಾಡಲಿಲ್ಲವಂತೆ. ಕಲ್ಲು ಹಾಕಿದರೆ ಚಳ್ ಅಂತಷ್ಟೇ ಸದ್ದು. ಮರು ವಾರ ಬೊಂಬಾಯಿಗೆ ಹೋದ. ಬಸ್ಸು ಹತ್ತಿಸಿದವನು ನಾನು.

ಇಷ್ಟೇ ಆಗಿದ್ದರೆ ಯಾರದ್ದೋ ಎಡವಟ್ಟು ಅಂತ ನಾನೂ ಬಿಟ್ಟುಬಿಡುತ್ತಿದ್ದೆ.

ಐದಾರು ವರ್ಷ ಕಳೆದು ಒಂದು ಆಟಿಯಲ್ಲಿ ಕಾವೇರಮ್ಮ ನನಗೆ ಹೇಳಿ ಕಳುಹಿಸಿದರು. ಆ ಬಾವಿ ಇದ್ದದ್ದು ಅವರ ಹಳೆ ಜಾಗದಲ್ಲಿ. ಅವರ ಮಗ ಚನಿಯಪ್ಪ, ಕುಶಾಲಪ್ಪನ ಓರಗೆಯ ಮಗು, ಹೆಜ್ಜೆ ಹಾಕಲು ಕಲಿಯುವಾಗ ಅದಕ್ಕೇ ಬಿದ್ದು ಹೋದದ್ದು. ಆಮೇಲೆ ಅವರು ಆ ಜಾಗ ಬಿಟ್ಟು ಗುಡ್ಡೆಯ ಆಚೆ ಮನೆ ಕಟ್ಟಿದ್ದರು. ಸತ್ತ ಮಕ್ಕಳು ಆ ಲೋಕದಲ್ಲೂ ಬೆಳೆಯುತ್ತಾರೆ ಅಂತ ನಮ್ಮ ಕಡೆ ನಂಬಿಕೆ ಉಂಟು. ಪ್ರಾಯಕ್ಕೆ ಬಂದರೆ ಅವರಿಗೂ ಸತ್ತವರಲ್ಲೇ ಜೋಡಿ ಹುಡುಕಿ ಮದುವೆ ಮಾಡಿಸಬೇಕು. ಇಲ್ಲದಿದ್ದರೆ ಮನೆಗೆ ಕಾಟ. ಮದುವೆಯ ಪ್ರಾಯಕ್ಕೆ ಬರುವವರಿಗೆ ಅದಕ್ಕಿಂತ ಮೊದಲು ಶಾಲೆಯ ಪ್ರಾಯವೂ ಬರುತ್ತದೆ ಅಂತ ನಾವು ಯಾರೂ ಯೋಚಿಸಿದ್ದಿಲ್ಲ.

ಚನಿಯಪ್ಪನಿಗೆ ನೋಡಿದ ಹೆಣ್ಣು ಬೆಳ್ತಂಗಡಿಯ ಕಡೆಯದ್ದು. ವಾರಿಜಾಕ್ಷಿ ಅಂತ ಹೆಸರು, ತೊಟ್ಟಿಲಲ್ಲೇ ಜ್ವರಕ್ಕೆ ಹೋದ ಮಗು. ಅವಳ ಕಡೆಯವರು ಬಂದು ಚಾಪೆಯಲ್ಲಿ ಕೂತರು. ಬದುಕಿದ್ದವರ ಸಂಬಂಧ ಮಾತಾಡುವ ಹಾಗೆಯೇ ಬಳಿ, ಅಂದರೆ ಕುಲ, ಯಾವುದು ಅಂತ ಕೇಳಿದರು, ವೀಳ್ಯದ ತಟ್ಟೆ ಇಟ್ಟರು. ಹೆಣ್ಣಿನ ಸೋದರಮಾವ ಮಾತಿನ ಅಭ್ಯಾಸದಲ್ಲಿ ಅದನ್ನೂ ಕೇಳಿಬಿಟ್ಟರು.

"ಹುಡುಗ ಎಲ್ಲಿಯವರೆಗೆ ಓದಿದ್ದು?"

ಯಾರೋ ಕೆಮ್ಮಿದರು. ಕೇಳಿದವರಿಗೇ ಮುಜುಗರ ಆಯಿತು. ಕಾವೇರಮ್ಮ ಅಕ್ಷರ ಕಲಿತವರಲ್ಲ. ಕುಶಾಲಪ್ಪನ ಬಾವಿಯ ಸುದ್ದಿ ನಾನು ಹೆಂಡತಿಗೂ ಹೇಳಿದವನಲ್ಲ. ಕಾವೇರಮ್ಮ ಅಡಿಕೆ ಹೋಳು ಮಾಡುತ್ತಿದ್ದರು, ಕಟಕ್... ಕಟಕ್. ತಲೆ ಎತ್ತಲಿಲ್ಲ.

"ಎಸ್ಸೆಸೆಲ್ಸಿ ಪಾಸು," ಅಂದರು.

ಅದೇ ಚಾಪೆಯಲ್ಲಿ ನಾನು ಕೂತಿದ್ದೆ. ನನ್ನ ಕಿವಿಯಲ್ಲೇ ಕೇಳಿದ್ದು, ಯಾವ ದೇವರ ಎದುರು ಬೇಕಾದರೂ ಹೇಳ್ತೇನೆ. ಕುಶಾಲಪ್ಪ ಬಾವಿಗೆ ಹೇಳಿದ ನಂಬರು ನನಗೆ ನೆನಪಾಯಿತು. ಯಾರೂ ನಗಲಿಲ್ಲ. ಕಾವೇರಮ್ಮ ಅಡಿಕೆಯ ಹೋಳನ್ನು ತಟ್ಟೆಗೆ ಹಾಕಿದರು. ಮತ್ತೆ, ಸ್ವಲ್ಪ ಸಂಕೋಚದಲ್ಲಿ, ಸಣ್ಣಗೆ ಸೇರಿಸಿದರು.

"ಎರಡನೇ ಸಲಕ್ಕೆ."