ಕೊನೇ ಸಾಲಿನ ಒಂಬತ್ತು

…ಅಲ್ಲ ಕಣೇ, ನಾನು ಕೇಳ್ತಿರೋದು ಇಷ್ಟೇ. ಟೆಸ್ಟ್ ಎಲ್ಲಾ ಮುಗಿದ್ಮೇಲೆ ನೀನು ಮತ್ತೆ ಆ ಕೌಂಟರ್ ಹತ್ರ ಹೋಗಿ, ಬಗ್ಗಿ, ಆ ಹೆಂಗಸಿಗೆ ಪಿಸುಪಿಸು ಅಂತ ಏನು ಹೇಳ್ದೆ? ಏನಿದು? ಪೆನ್ನಾ? ಪೆನ್ನು ತೋರಿಸ್ಬೇಡ ನಂಗೆ! ಪೆನ್ನು ಕೇಳೋಕೆ ಅಷ್ಟು ಹೊತ್ತು ಬೇಕಾ? ಪೆನ್ನು ನನ್ನ ಜೇಬಲ್ಲೇ ಇತ್ತು… ನೋಡು, ಇಲ್ಲೇ ಇದೆ.

ಆಯ್ತು, ಹೇಳ್ಬೇಡ. ಬೆಲ್ಟ್ ಹಾಕ್ಕೋ. ಹಾಕ್ಕೊಂಡ್ಯಾ? ಹೂಂ ಅನ್ನೋಕೆ ಏನು, ಬಾಯಿಂದ ಮುತ್ತು ಉದುರಿಹೋಗುತ್ತಾ? ಕಣ್ಣು ಟೆಸ್ಟ್ ಆದಾಗಿಂದ ನೋಡ್ತಿದೀನಿ, ಬಾಯಿಗೆ ಬೀಗ! ಗಂಡನಿಗೆ ಲೈಸೆನ್ಸ್ ಸಿಕ್ಕಿದೆ ತಾಯಿ, ಲೈಸೆನ್ಸ್! ಹೊಸ ರಾಜ್ಯದ್ದು! ಮುಟ್ಟಿ ನೋಡು, ಮೆಷಿನ್ನಿಂದ ಈಗ ತಾನೇ ಬಂದಿದ್ದು, ಇನ್ನೂ ಬೆಚ್ಚಗಿದೆ. ಬೇರೆ ಯಾರೇ ಆಗಿದ್ರೂ ಒಂದು ನಗೆ ನಗ್ತಿದ್ರು. ನೀನು ನೋಡಿದ್ರೆ ಸಾವಿನ ಮನೇಲಿ ಕೂತವಳ ಹಾಗೆ ಚೀಲ ತಬ್ಕೊಂಡು…

ತಾಳು. ತಾಳು ತಾಳು. ಆ ಕಂಬದ ಹತ್ರ ಒಬ್ಬ ನಿಂತಿದ್ದಾನಲ್ಲ, ಯಾರವನು? ಆಗಿಂದ ನಮ್ಮನ್ನೇ ನೋಡ್ತಿದ್ದಾನೆ. ಕದಲ್ತಾನೇ ಇಲ್ಲ ಆಸಾಮಿ! ಆಫೀಸಿನವನೇ ಇರ್ಬೇಕು. ಮುದುಕ ಗಾಡಿ ಹೇಗೆ ತೆಗೀತಾನೆ ನೋಡ್ಕೊಂಡು ಬಾ ಅಂತ ಕಳಿಸಿದ್ದಾರೆ. ನೋಡ್ಲಿ. ಕಣ್ಣು ತುಂಬಾ ನೋಡ್ಲಿ. ಇಗೋ ರಿವರ್ಸು… ಇಗೋ ಫಸ್ಟು… ಯಾಕೆ ನಗ್ತೀಯಾ? ಭುಜ ಅಲ್ಲಾಡ್ತಿದೆ, ನಂಗೆ ಕಾಣಲ್ವಾ? ಏನಿದೆ ನಗೋಕೆ…

ಓ. ಬೈಕು. ಬೈಕಿಗೆ ಹೊದಿಸಿರೋ ಟಾರ್ಪಾಲು. ಗೊತ್ತಿತ್ತು ಬಿಡು. ನಿನ್ನ ಬಾಯಿ ಬಿಡಿಸೋಕೆ ಅಂದೆ.

ಅಲ್ಲ, ನೀನೇ ಹೇಳು. ರಾಜ್ಯ ಬದಲಾಯಿಸಿದ್ರೆ ಡ್ರೈವಿಂಗ್ ಮರ್ತುಹೋಗುತ್ತಾ? ಗಡಿ ದಾಟಿದ ತಕ್ಷಣ ಬ್ರೇಕು ಹೋಗಿ ಕ್ಲಚ್ಚಾಗುತ್ತಾ? ಜೀವಮಾನ ಪೂರ್ತಿ ಲಾಂಡ್ರಿ ವ್ಯಾನು ಓಡಿಸಿದವನು ನಾನು. ಇಸ್ತ್ರಿ ಮಾಡಿದ ಶರ್ಟು ಹ್ಯಾಂಗರಿನಿಂದ ಒಂದೂ ಜಾರಿದ್ದಿಲ್ಲ. ಅಂಥವನ ಕೈಯಿಂದ ಹಳೇ ಲೈಸೆನ್ಸ್ ಇಸ್ಕೊಂಡು, "ಇದರ ಅವಧಿ ಮುಗಿದಿದೆ, ಇಲ್ಲಿಯದು ಮಾಡಿಸ್ಬೇಕು, ಕಣ್ಣು ತೋರಿಸಿ" ಅಂತಾರೆ! ಕಣ್ಣು ತೋರಿಸೋಕೆ ನಾನೇನು ಸಂತೇಲಿ ಮಾರೋ ಎತ್ತಾ?

ಇದೆಲ್ಲ ಯಾರ ಕಿತಾಪತಿ ಅಂತ ನಂಗೆ ಗೊತ್ತಿಲ್ವಾ? ಅಳಿಯಂದ್ರು. ಅವರೇ. "ಮಾವ, ನಿಧಾನಕ್ಕೆ ಮಾಡಿಸಿದ್ರಾಯ್ತು, ಏನು ಅವಸರ?" ಅಂತ ಎಷ್ಟು ನಯವಾಗಿ ಹೇಳ್ತಾರೆ! ಇವತ್ತು ಬೆಳಿಗ್ಗೆ ಕಾರಿನ ಕೀ ಕೊಡುವಾಗ ಹಲ್ಲು ಕಿರಿದ್ರು ನೋಡು, ಆಗ್ಲೇ ಅಂದ್ಕೊಂಡೆ. ಇಷ್ಟು ಸಲೀಸಾಗಿ ಕೀ ಕೊಡೋ ಅಳಿಯನ್ನ ಎಲ್ಲಾದ್ರೂ ಕಂಡಿದೀಯಾ? ಮುದುಕ ಫೇಲಾಗಿ ಬರ್ತಾನೆ, ಆಮೇಲೆ ಮನೇಲಿ ಟೀವಿ ಮುಂದೆ ಕೂತಿರ್ತಾನೆ ಅನ್ನೋ ಲೆಕ್ಕ. ನಾನು ಕೂರಲ್ಲ. ಮಗಳ ಮನೇಲಿ ಕೂತು ತಿನ್ನೋನಲ್ಲ ನಾನು. ಸೋಮವಾರ ಬೆಳಿಗ್ಗೆ ಸ್ಕೂಲ್ ವ್ಯಾನಿನ ಕೀ ನನ್ನ ಕೈಗೆ ಬರುತ್ತೆ. "ಲೈಸೆನ್ಸ್ ತೋರಿಸಿ, ಅವತ್ತೇ ಶುರು ಮಾಡಿ" ಅಂದಿದ್ದಾರೆ ಸ್ಕೂಲಿನ ಮೇಡಂ. ಬಾಯಿಮಾತಲ್ಲ, ಕೈ ಮೇಲೆ ಕೈ ಇಟ್ಟು ಹೇಳಿದ್ದಾರೆ.

ನಮ್ಮ ಪುಟ್ಟೀನೂ ಅದೇ ವ್ಯಾನಲ್ಲೇ ಬರೋದು. ತಾತನ ಹಿಂದಿನ ಸೀಟು ನಂದೇ ಅಂತ ಈಗ್ಲೇ ಕಾದಿರಿಸಿದ್ದಾಳೆ, ಕಳ್ಳಿ! ಆ ಖುಷಿಗಾದ್ರೂ ಒಂದು ಮಾತಾಡೇ… ಏನು? ಪುಟ್ಟಿ ಹೆಸರು ಎತ್ತಿದ ತಕ್ಷಣ ಯಾಕೆ ಮುಖ ಆ ಕಡೆ ತಿರುಗಿಸ್ದೆ?

ಹ್ಞಾಂ… ಅಂದ್ರೆ ಇಲ್ಲೇನೋ ಇದೆ.

ಇರು, ಈ ಬಸ್ಸಿನ ಹಿಂದೇನೇ ಹೋಗ್ತೀನಿ. ದೊಡ್ಡ ಬಸ್ಸು, ಕೆಂಪಗೆ ಚೆನ್ನಾಗಿದೆ. ಅವನು ನಿಲ್ಸಿದ್ರೆ ನಿಲ್ಸೋದು, ಹೋದ್ರೆ ಹೋಗೋದು. ಹೊಸ ಊರಲ್ಲಿ ಹೀಗೇ ಓಡಿಸ್ಬೇಕು, ಬುದ್ಧಿವಂತರು ಹೀಗೇ ಓಡಿಸೋದು. ಬೋರ್ಡು ಓದ್ತಾ ಇರು ನೀನು. ಓದು. ಯಾಕೆ ಓದ್ತಿಲ್ಲ? ಬೆಳಿಗ್ಗೆ ಬರುವಾಗ ಗಿಣಿ ಹಾಗೆ ಓದ್ತಿದ್ದೆ: ಮುಂದೆ ಹಂಪು, ಎಡಕ್ಕೆ ಸೈಕಲ್ಲು, ಅಡ್ಡಡ್ಡ ಬರ್ತಿದೆ ಹಸು ಅಂತ. ನಿಂಗೆ ಗೊತ್ತಲ್ಲ, ನೀನು ಮಾತಾಡ್ದೇ ಇದ್ರೆ ನಂಗೆ ಸ್ಟೇರಿಂಗ್ ಮುಂದೆ ನಿದ್ದೆ ಎಳೆಯುತ್ತೆ. ಲಾಂಡ್ರಿ ಕಾಲದಿಂದಲೂ ಹೀಗೇ ಅಲ್ವಾ? ಗಾಡಿ ನಂದು, ಬೋರ್ಡು ನಿಂದು. "ಮೂರನೇ ಮನೆ, ನೀಲಿ ಗೇಟು, ನಿಲ್ಸಿ." ನಿಲ್ಸಿದ್ದೆ. "ಎರಡು ಸೀರೆ, ಒಂದು ಕೋಟು ಇಳಿಸ್ಬೇಕು." ಇಳಿಸಿದ್ದೆ. ನಮ್ಮಂಥ ಜೋಡಿ ಇಡೀ ಲಾಂಡ್ರಿಲಿ ಇರ್ಲಿಲ್ಲ ಅಂತ ಓನರ್ರೇ ಹೇಳ್ತಿದ್ದ.

ಆಮೇಲೆ ಆ ಗೇಟಿಗೆ ವ್ಯಾನು ಗುದ್ದಿದ ವಿಷ್ಯ ತೆಗೆದು ಕೆಲ್ಸದಿಂದ ಬಿಡಿಸ್ದ. ಗೊತ್ತು. ಅದನ್ನೇ ಯೋಚಿಸ್ತಿದೀಯ ನೀನು. ಅವತ್ತು ನಿಂಗೆ ಜ್ವರ, ನಾನೊಬ್ನೇ ಹೋಗಿದ್ದೆ… ಆ ಗೇಟನ್ನ ಅವರು ಮುಂದಕ್ಕೆ ತಂದು ಹಾಕಿದ್ರು ಕಣೇ! ಎಷ್ಟು ಸಲ ಹೇಳ್ಲಿ? ಮೊನ್ನೆ ಇದ್ದ ಜಾಗದಲ್ಲಿ ಇರ್ಲಿಲ್ಲ ಅದು. ಯಾರೂ ನಂಬ್ಲಿಲ್ಲ. ನೀನು? ನೀನು ನಂಬಿದ್ಯಾ?

ಹೋಗ್ಲಿ ಬಿಡು.

ಅಲ್ಲ, ಆ ಕಣ್ಣು ಟೆಸ್ಟ್! ಅದನ್ನ ನೆನೆಸ್ಕೊಂಡ್ರೆ ಮೈ ಉರಿಯುತ್ತೆ. ನೀನು ಅಲ್ಲೇ ಬೆಂಚಲ್ಲಿ ಕೂತಿದ್ಯಲ್ಲ, ನ್ಯಾಯ ನೀನೇ ಹೇಳು. ಆ ಕೌಂಟರಿನವಳು ಗೋಡೆ ಮೇಲಿನ ಅಂಕಿ ಓದಿ ಅಂದ್ಲು. ಓದ್ದೆ. ಮೇಲಿನ ಸಾಲು ಓದ್ದೆ, ಅದರ ಕೆಳಗಿಂದು ಓದ್ದೆ, ಪಟಪಟ ಅಂತ ಓದ್ದೆ, ಮಗ್ಗಿ ಒಪ್ಪಿಸಿದ ಹಾಗೆ! ಅವಳು "ಸಾಕು, ಪಾಸು" ಅಂದ್ಲು. ಅಲ್ಲಿಗೆ ನಿಲ್ಲಿಸ್ಬೇಕಿತ್ತು ನಾನು. ಅಲ್ಲಿಗೇ ನಿಲ್ಲಿಸ್ಬೇಕಿತ್ತು… ಆದ್ರೆ ಹಿಂದೆ ಕ್ಯೂನಲ್ಲಿ ಅಷ್ಟು ಜನ ಚಿಕ್ಕ ವಯಸ್ಸಿನವರು ಕನ್ನಡಕ ಹಾಕ್ಕೊಂಡು ನಿಂತಿದ್ರಲ್ಲ, ತೋರಿಸ್ಬಿಡೋಣ ಅನ್ನಿಸ್ತು. "ಕೊನೇ ಸಾಲೂ ಓದ್ತೀನಿ ಮೇಡಂ" ಅಂದೆ. ಇರುವೆ ಗಾತ್ರದ ಅಂಕಿಗಳು! ಓದ್ದೆ. ಮೂರು, ಆರು, ಎರಡು, ಐದು, ಒಂಬತ್ತು.

ಆಗ ಅವಳು ಏನಂದ್ಲು? "ಯಜಮಾನ್ರೇ, ಅಲ್ಲಿರೋದು ನಾಲ್ಕೇ ಅಂಕಿ. ಆ ಒಂಬತ್ತು ಎಲ್ಲಿಂದ ತಂದ್ರಿ, ಮನೆಯಿಂದ್ಲಾ?"

ಎಲ್ರೂ ನಕ್ರು. ಇಡೀ ಕ್ಯೂ ಗೊಳ್ ಅಂತು. ನಾನೂ ನಕ್ಕೆ, ಏನ್ಮಾಡೋದು? ನೀನು ಮಾತ್ರ ನಗ್ಲಿಲ್ಲ. ಅಲ್ಲಿ ನಗದೇ ಇದ್ದವಳು ಈಗ ಕಾರಲ್ಲಿ ಕೂತು ನಗ್ತೀಯಾ! ನಗು, ನಗು. ಚೆನ್ನಾಗಿದೆ.

ನಾಲ್ಕೇ ಅಂತೆ! ಅವಳೇ ಆಟ ಆಡಿದ್ದು. ಐದಿತ್ತು ಅಲ್ವಾ? ನೀನೇ ಓದಿದ್ದೆ ಅಲ್ವಾ? ಕ್ಯೂನಲ್ಲಿ ನಿಂತಾಗ ನಾನೇ ನಿಂಗೆ ಓದಿಸಿದ್ದೆ, "ಎಲ್ಲಿ, ನಿನ್ನ ಕಣ್ಣು ಚೆನ್ನಾಗಿದೆಯಾ ನೋಡೋಣ, ಗೋಡೆ ಮೇಲಿನದನ್ನ ಓದು" ಅಂತ. ಹೊತ್ತು ಹೋಗ್ಲಿ ಅಂತ, ತಮಾಷೆಗೆ. ಮೊದಲ ಸಾಲಿಂದ ಕೊನೇ ಸಾಲಿನ ತನಕ ಓದ್ದೆ ನೀನು. ಎರಡು ಸಲ ಓದಿಸ್ದೆ. ಎರಡು ಸಲವೂ ನೀನು ಕೊನೇಲಿ ಒಂಬತ್ತು ಅಂದೆ. ಸ್ವಲ್ಪ ತಡೆದು ಅಂದೆ… ಮೂರು, ಆರು, ಎರಡು, ಐದು… ಆಮೇಲೆ ನನ್ನ ಕಡೆ ತಿರುಗಿ, ಒಂಬತ್ತು.

ಕೆಮ್ತೀಯಾ? ನೀರು ಬೇಕಾ? ಬಾಟ್ಲಿ ಹಿಂದೆ ಇದೆ.

ನನ್ನ ಲೆಕ್ಕ ಹೀಗೆ. ಅಳಿಯಂದ್ರು ನಿನ್ನ ಕಿವಿ ಊದಿದ್ದಾರೆ, "ಅತ್ತೆ, ಮಾವನಿಗೆ ವಯಸ್ಸಾಯ್ತು" ಅಂತ. ನೀನು ಹೋಗಿ ಆ ಹೆಂಗಸಿಗೆ ಊದಿದ್ದೀಯ. ಅವಳು ಸ್ಕೂಲಿಗೆ ಫೋನ್ ಮಾಡ್ತಾಳೆ. ಸೋಮವಾರ ನಾನು ಹೋದಾಗ ಮೇಡಂ ಹೇಳ್ತಾರೆ, ಬೇರೆಯವರು ಸಿಕ್ಕಿದ್ರು ಅಂತ. ಹೌದೋ ಅಲ್ವೋ? ಬೇಲಿನೇ ಎದ್ದು ಹೊಲ ಮೇಯ್ದ್ರೆ ಕಾಯೋರ್ಯಾರು! ಕೈ ಹಿಡಿದವಳೇ ಹೀಗೆ ಮಾಡಿದ್ರೆ ನಾನು ಯಾರನ್ನ ನಂಬ್ಲಿ? ಹೇಳು. ಹೇಳಿದ್ಯಾ ಇಲ್ವಾ? ಹೇಳಿಲ್ಲ ಅಂತ ಪುಟ್ಟಿ ಮೇಲೆ ಆಣೆ ಇಡು!

…ಇಡಲ್ಲ ಅಲ್ವಾ.

ಅಯ್ಯೋ, ಬಸ್ಸು ತಿರುಗೇಬಿಡ್ತಲ್ಲ! ಕೈ ಕೊಟ್ಟ ನೋಡು, ಹೇಳ್ದೇ ಕೇಳ್ದೇ. ನಮ್ದು ನೇರ ದಾರಿ ಅಲ್ವಾ? ನೇರ. ಸರಿ. ಇದೇನಿದು, ನಾಲ್ಕು ರಸ್ತೆ ಸೇರೋ ಜಾಗ. ಸಿಗ್ನಲ್ಲು. ನಿಲ್ಸಿದೀನಿ. ಮುಂದೆ ಯಾರೂ ಇಲ್ಲ, ನಾವೇ ಮೊದಲು.

ಯಾವುದು ಹತ್ತಿದೆ?

ಬಿಸಿಲು ನೆಟ್ಟಗೆ ದೀಪದ ಮೇಲೇ ಹೊಡೀತಿದೆ, ಅದಕ್ಕೇ ಕೇಳ್ದೆ. ಮೂರೂ ಬೆಳ್ಳಗೆ ಕಾಣ್ತವೆ. ಇಂಥಾ ಕಡೆ ಯಾರಾದ್ರೂ ಸಿಗ್ನಲ್ ಹಾಕ್ತಾರಾ, ಬುದ್ಧಿಗೇಡಿಗಳು? ಹೇಳು. ಕೆಂಪಾ?

ಕೆಂಪಾ ಅಂತ ಕೇಳ್ದೆ.

ನೋಡು, ಕೋಪ ಇದ್ರೆ ಮನೇಲಿ ತೋರಿಸು. ದಾರೀಲಿ ಬೇಡ. ಯಾವಾಗ್ಲೂ ನೀನೇ ಅಲ್ವಾ ಹೇಳೋದು, "ಹಸಿರು ಬಂತು, ನಡೀರಿ" ಅಂತ? ಒಂದು ಮಾತು. ಒಂದೇ ಒಂದು ಮಾತು. ಹಿಂದಿನವನು ಹಾರ್ನ್ ಹೊಡೀತಿದ್ದಾನೆ. ಕೇಳಿಸ್ತಾ? ಹಾರ್ನ್ ಹೊಡೀತಾನೆ ಅಂದ್ರೆ ಹಸಿರು. ಹಸಿರೇ. ಅಲ್ವಾ? ಹೋಗ್ತೀನಿ. ನೀನು ಏನೂ ಹೇಳ್ಲಿಲ್ಲ ಅಂದ್ರೆ ಹೋಗ್ಲಿ ಅಂತ ತಾನೇ? ಹೋಗ್ತೀನಿ ಹಾಗಾದ್ರೆ…

ಏಯ್! ಹ್ಯಾಂಡ್ ಬ್ರೇಕ್ ಯಾಕೆ ಎಳ್ದೆ? ಹುಚ್ಚೇನೇ ನಿಂಗೆ! ಗಾಡಿ ಹೀಗೆ ಜಗ್ಗಿದ್ರೆ…

ಏನದು? ಮುಂದೆ ಏನೋ ಹಾದುಹೋಗ್ತಿದೆ. ಕೆಳಗೆ, ಬಾನೆಟ್ಟಿನ ಹತ್ರಾನೇ. ನಾಯಿಮರಿಗಳಾ? ಒಂದರ ಹಿಂದೆ ಒಂದು… ತಾಳು. ಕಿಟಕಿ ಇಳಿಸ್ತೀನಿ.

…ಮಕ್ಕಳ ದನಿ.

ಮಕ್ಕಳಾ ಅವು? ಕೈ ಕೈ ಹಿಡ್ಕೊಂಡು ದಾಟ್ತಿದ್ದಾವಾ? ಸ್ಕೂಲ್ ಬಿಡ್ತಾ ಇಷ್ಟು ಹೊತ್ತಿಗೆ? ಎಷ್ಟಿದ್ದಾವೆ? ಎಲ್ಲಾ ದಾಟಿದ್ವಾ? ಹೇಳೇ, ಎಲ್ಲಾ ದಾಟಿದ್ವಾ?

ಆ ಹಾರ್ನು ನಮಗಲ್ಲ ಹಾಗಾದ್ರೆ. ಇನ್ಯಾರಿಗೋ.

ಇಲ್ಲ, ಗಾಡಿ ತೆಗೆಯಲ್ಲ. ಎಂಜಿನ್ ಆಫ್ ಮಾಡ್ದೆ. ಹೊಡ್ಕೊಳ್ಳಿ ಹಾರ್ನು, ಎಷ್ಟು ಬೇಕೋ ಅಷ್ಟು.

ನಾಲ್ಕೇ ಇತ್ತು ಅಲ್ವಾ ಆ ಸಾಲಲ್ಲಿ? ಅವಳು ಆಟ ಆಡ್ಲಿಲ್ಲ. ನಾಲ್ಕೇ ಇತ್ತು. ಒಂಬತ್ತು ನೀನು ಇಟ್ಟಿದ್ದು. ಇಲ್ಲದ ಒಂಬತ್ತು. ಬೇಕೂಂತಾನೇ, ಎರಡು ಸಲ… ನಾನು ಗೋಡೆ ಓದ್ತೀನೋ, ನಿನ್ನನ್ನ ಓದ್ತೀನೋ ನೋಡೋಕೆ.

ನೀನು ಮತ್ತೆ ಕೌಂಟರ್ ಹತ್ರ ಹೋದೆ. ಅವಳಿಗೆ ಹೇಳ್ಬಿಡೋಣ ಅಂತಾನೇ ಹೋದೆ. ಬಗ್ಗಿದೆ. ಬಾಯಿ ಬರ್ಲಿಲ್ಲ. ಬಾಯಿ ಬರ್ದೇ… ಪೆನ್ನು ಕೇಳ್ದೆ. ಪೆನ್ನು ಇಸ್ಕೊಂಡು ಸುಮ್ನೆ ಬಂದೆ. ಅಷ್ಟೇ ಅಲ್ವಾ? ನಾನು ಏನೇನೋ ಅಂದೆ.

ಪುಟ್ಟಿಗೆ ಏನು ಹೇಳೋದು? ತಾತನ ಹಿಂದಿನ ಸೀಟು…

ಭುಜ ಮತ್ತೆ ಅಲ್ಲಾಡ್ತಿದೆ ನಿಂದು. ನಗ್ಬೇಡ ಕಣೇ. ಬೈಯಿ, ಹೊಡಿ, ಇಳಿದು ಹೋಗು, ಏನಾದ್ರೂ ಮಾಡು. ಈಗ ಮಾತ್ರ ನಗ್ಬೇಡ. ಎಲ್ಲಿ, ತಿರುಗು ಈ ಕಡೆ. ಮುಖ ಎಲ್ಲಿ… ತಿರುಗು ಅಂದ್ರೆ…

ಕೆನ್ನೆ ಯಾಕೆ ಒದ್ದೆ ಇದೆ?

ಆಗಿಂದ್ಲೂನಾ? ಅಲ್ಲಿಂದ ಇಲ್ಲೀ ತನಕ?

ನೀನು ನಗ್ತಿದೀಯ ಅಂದ್ಕೊಂಡಿದ್ದೆ ಕಣೇ ನಾನು.