ಗಿರಾಕಿ ಹೇಳಿದ ಮಾತು

ಹೆಸರು: ಮಲ್ಲೇಶಪ್ಪ. ವಯಸ್ಸು: 54 ವರ್ಷ. ಕಸುಬು: ದಿನಸಿ ಅಂಗಡಿ ವ್ಯಾಪಾರ. ವಾಸ: ಬಸ್ ನಿಲ್ದಾಣದ ಎದುರು, ಮುತ್ತಿನಕೊಪ್ಪ, ನರಸಿಂಹರಾಜಪುರ ತಾಲ್ಲೂಕು.

ನಾನು ಈ ದಿನ ನನ್ನ ಹೆಂಡತಿ ಪ್ರೇಮಕ್ಕನ ಜೊತೆ ಠಾಣೆಗೆ ಬಂದು, ಯಾರ ಒತ್ತಾಯವೂ ಇಲ್ಲದೆ ತಿಳಿಸುವುದೇನೆಂದರೆ:

ನಾನು ಮೇಲಿನ ವಿಳಾಸದಲ್ಲಿ ಹೆಂಡತಿಯೊಂದಿಗೆ ವಾಸವಾಗಿದ್ದು, ಮನೆಯ ಮುಂಭಾಗದಲ್ಲಿಯೇ ಅಂಗಡಿ ನಡೆಸಿಕೊಂಡಿರುತ್ತೇನೆ. ಹೆಂಡತಿ ಹೊಲಿಗೆ ಕೆಲಸ ಮಾಡುತ್ತಾಳೆ. ಈ ವರ್ಷ ಫೆಬ್ರವರಿಯಲ್ಲಿ ನರಸಿಂಹರಾಜಪುರದಲ್ಲಿ, ಹೆಂಗಸರು ಮುಟ್ಟಿನ ಸಮಯದಲ್ಲಿ ಬಳಸುವ ಬಟ್ಟೆ ಪ್ಯಾಡ್ ಹೊಲಿದು ಮಾರುವ ಸಣ್ಣ ಉದ್ಯೋಗದ ತರಬೇತಿ ನಡೆಯಿತು. ಶೃಂಗೇರಿಯ ತುಂಗಾ ಎಂಬ ಮೇಡಂ ಅದನ್ನು ನಡೆಸಿದರು. ಹೊಲಿಯುವವರು ಮಾತ್ರ ಬಂದರೆ ಸಾಲದು, ಅಂಗಡಿಯಲ್ಲಿ ಕುಳಿತು ಮಾರುವವರೂ ಬರಬೇಕು ಎಂದು ಅವರು ಹೇಳಿದ್ದರಿಂದ ನಾನೂ ಹೋದೆನು. ಅಲ್ಲಿದ್ದ ಗಂಡಸು ನಾನೊಬ್ಬನೇ. ಮೊದಲ ದಿನ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕುಳಿತಿದ್ದು, ಊಟದ ಹೊತ್ತಿಗೆ ಎದ್ದು ಬಸ್ ಹತ್ತುವ ಯೋಚನೆಯಲ್ಲಿದ್ದೆನು. ಮದುವೆಯಾಗಿ ಇಷ್ಟು ವರ್ಷವಾದರೂ ಮುಟ್ಟು ಎಂಬ ಶಬ್ದವನ್ನು ನಾನು ಹೆಂಡತಿಯ ಎದುರಿಗೂ ಬಾಯಿ ಬಿಟ್ಟು ಹೇಳಿದವನಲ್ಲ.

ತರಬೇತಿಯಲ್ಲಿ ಒಬ್ಬರು ಗಿರಾಕಿಯಾಗಿ, ಇನ್ನೊಬ್ಬರು ಅಂಗಡಿಯವರಾಗಿ ಮಾತಾಡುವ ಅಭ್ಯಾಸ ಮಾಡಿಸಿದರು. ನನ್ನ ಸರದಿ ಬಂದಾಗ ನಾನು ಪ್ಯಾಡ್ ಎನ್ನದೆ 'ಆ ಸಾಮಾನು' ಎಂದೆನು. ಕೆಲವು ಹೆಂಗಸರು ನಕ್ಕರು. ತುಂಗಾ ಮೇಡಂ ನಗಲಿಲ್ಲ. ಮಾರುವವನೇ ನಾಚಿಕೊಂಡರೆ ಕೊಳ್ಳುವವಳು ಹೇಗೆ ಬಾಯಿ ಬಿಡಬೇಕು ಎಂದು ಕೇಳಿದರು. ಪ್ಯಾಡನ್ನು ಹೇಗೆ ಒಗೆದು ಒಣಗಿಸಬೇಕು, ಯಾವಾಗ ಮಾರುವುದನ್ನು ಬಿಟ್ಟು ಡಾಕ್ಟರ ಹತ್ತಿರ ಕಳಿಸಬೇಕು ಎಂಬುದನ್ನೆಲ್ಲ ಕಲಿಸಿದರು. ಗಿರಾಕಿ ನಂಬಿ ಹೇಳಿದ ಮಾತು ಅಂಗಡಿಯಿಂದ ಆಚೆ ಹೋಗಬಾರದು ಎಂದೂ ಹೇಳಿದರು. ಆ ಮಾತಿಗೆ ನಾನು ಅಲ್ಲಿಯೇ ಒಪ್ಪಿಕೊಂಡೆನು.

ಯುಗಾದಿ ಕಳೆದ ಮೇಲೆ ವ್ಯಾಪಾರ ಶುರು ಮಾಡಿದೆವು. ಪ್ಯಾಡ್‌ಗಳನ್ನು ಸೋಪು, ತಲೆಎಣ್ಣೆ ಇಡುವ ಸಾಲಿನಲ್ಲಿಯೇ ಇಟ್ಟೆವು. ಆರಂಭದಲ್ಲಿ ಹೆಂಗಸರು ಪ್ರೇಮಕ್ಕ ಇದ್ದಾಗ ಮಾತ್ರ ಕೇಳುತ್ತಿದ್ದರು. ಬರಬರುತ್ತ ನನ್ನ ಹತ್ತಿರವೂ ಕೇಳತೊಡಗಿದರು.

ದಿನಾಂಕ 10-06-2025ರ ಮಂಗಳವಾರ ಪ್ರೇಮಕ್ಕ ಬಟ್ಟೆ ತರಲು ಕೊಪ್ಪಕ್ಕೆ ಹೋಗಿದ್ದಳು. ಬೆಳಿಗ್ಗೆ ಸುಮಾರು 11 ಗಂಟೆಗೆ ನಮ್ಮ ಊರಿನ ಪಿಕಪ್ ಚಾಲಕ ರಾಕೇಶನ ಹೆಂಡತಿ ಅರ್ಪಿತಾ ಅಂಗಡಿಗೆ ಬಂದು ಪ್ರೇಮಕ್ಕನನ್ನು ಕೇಳಿದಳು. ಇಲ್ಲವೆಂದಾಗ ಹೊರಟವಳು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತು, ವಾಪಸು ಬಂದು, ನನ್ನಲ್ಲಿ ಒಂದು ವಿಷಯ ಹೇಳಿದಳು. ನಾನು ನನಗೆ ಗೊತ್ತಿದ್ದ ಉತ್ತರ ಕೊಟ್ಟೆನು. ಆಗ ಗಜಾನನ ಎಂಬುವವನು ಎಲೆಅಡಿಕೆ ಕೊಳ್ಳಲು ಬಂದು ಹೊರಗೆ ಕೊಡೆ ಮಡಚುತ್ತಿದ್ದನು. ಕೊನೆಯ ಒಂದೆರಡು ಮಾತು ಅವನ ಕಿವಿಗೆ ಬಿದ್ದಿರಬೇಕು. ಅವನನ್ನು ಕಂಡ ಕೂಡಲೇ ಅರ್ಪಿತಾ ಕಟ್ಟಿಸಿದ್ದ ಸಕ್ಕರೆಯನ್ನೂ ಬಿಟ್ಟು ಹೋದಳು.

ಅದೇ ದಿನ ಸಂಜೆ 6 ಗಂಟೆ ಸುಮಾರಿಗೆ ಸದರಿ ರಾಕೇಶನು ರಸ್ತೆಯಲ್ಲಿಯೇ ಪಿಕಪ್ ನಿಲ್ಲಿಸಿ, ಎಂಜಿನ್ ಬಂದ್ ಮಾಡದೆ ಅಂಗಡಿಯೊಳಗೆ ಬಂದನು.

"ನನ್ನ ಹೆಂಡ್ತಿ ಹತ್ರ ಎಂತ ಮಾತಾಡಿದ್ದು ನೀನು?" ಎಂದು ಕೇಳಿದನು. ಅಲ್ಲಿಯವರೆಗೆ ಅವನು ನನ್ನನ್ನು ಏಕವಚನದಲ್ಲಿ ಮಾತಾಡಿಸಿದವನಲ್ಲ. ನಾನು ಅವನ ಹೆಂಡತಿಯ ಜೊತೆ ಮುಟ್ಟಿನ ಮಾತಾಡುತ್ತಿದ್ದೆನೆಂದು ಗಜಾನನನು ಹೋಟೆಲಿನಲ್ಲಿ ನಾಲ್ಕು ಜನರ ಎದುರು ಹೇಳಿದ್ದನಂತೆ. ನಾನು, ಅದನ್ನು ನಿನಗೆ ಅವಳೇ ಹೇಳಬೇಕು, ಮನೆಗೆ ಹೋಗಿ ಕೇಳು ಎಂದೆನು. ಅದಕ್ಕೆ ಅವನು ನನ್ನ ಎಡ ಕೆನ್ನೆಗೆ ಒಮ್ಮೆ ಹೊಡೆದನು. ಸಾಲಿನಲ್ಲಿದ್ದ ಪ್ಯಾಡ್‌ಗಳನ್ನು ಎಳೆದು ರಸ್ತೆಗೆ ಎಸೆದು ಹೋದನು. ಮಳೆ ಬರುತ್ತಿತ್ತು. ಬಸ್ಸಿಗೆ ಕಾಯುತ್ತಿದ್ದ ಜನ ನೋಡುತ್ತಿದ್ದರು. ಯಾರೂ ಹತ್ತಿರ ಬರಲಿಲ್ಲ. ನಾನೇ ಹೋಗಿ ಒಂದೊಂದಾಗಿ ಹೆಕ್ಕಿ ಬಕೆಟ್ಟಿಗೆ ಹಾಕಿದೆನು. ಕೆಲವುಗಳ ಮೇಲೆ ಆಗಲೇ ಬಸ್ ಹರಿದಿತ್ತು.

ಪ್ರೇಮಕ್ಕ ಬಂದವಳು ಮೊದಲು ನನ್ನ ಕೆನ್ನೆ ನೋಡಿದಳು, ಆಮೇಲೆ ಬಕೆಟ್ಟಿನಲ್ಲಿದ್ದ ಪ್ಯಾಡ್‌ಗಳನ್ನು ನೋಡಿದಳು. ನಡೆದದ್ದನ್ನು ತಿಳಿಸಿದೆನು. ಅರ್ಪಿತಾ ಹೇಳಿದ್ದು ಏನೆಂದು ಆಕೆಗೂ ಹೇಳಲಿಲ್ಲ. ಆಕೆಯೂ ಕೇಳಲಿಲ್ಲ.

ಮರುದಿನದಿಂದ ಹೆಂಗಸರು ಅಂಗಡಿಗೆ ಬರುವುದು ನಿಂತಿತು. ಪರಿಚಯದವರೊಬ್ಬರು ಉಪ್ಪು ಕೊಳ್ಳುತ್ತ, ಈಗ ಹೆಂಗಸರ ಗುಟ್ಟು ಕೇಳುವ ವ್ಯಾಪಾರವೂ ಶುರುವಾಗಿದೆಯಂತೆ ಎಂದು ನಕ್ಕರು. ಗುರುವಾರ ನಾನು, ಈ ಪ್ಯಾಡ್ ಮಾರುವುದು ಸಾಕು, ಅಕ್ಕಿ ಬೇಳೆ ಮಾರಿಕೊಂಡು ಇರೋಣ ಎಂದೆನು. ಪ್ರೇಮಕ್ಕ ಮಿಷನ್ ತುಳಿಯುವುದನ್ನು ನಿಲ್ಲಿಸಿ ಹೇಳಿದಳು: "ಪೆಟ್ಟಿನ ಮಾತು ಬಿಡಿ ಮಾರಾಯ್ರೆ. ಈಗ ಸುಮ್ನೆ ಕೂತ್ರೆ ಆ ಗಜಾನನ ಹೇಳಿದ್ದೇ ನಿಜ ಅಂತ ಆಗ್ತದೆ. ನಡೀರಿ ಸ್ಟೇಷನ್ನಿಗೆ." ಆದ್ದರಿಂದ ಈ ದಿನ ಬಂದಿರುತ್ತೇವೆ.

ಠಾಣೆಯವರು ರಾಕೇಶನನ್ನು ಕರೆಸಿದರು. ಅವನ ಜೊತೆ ಅರ್ಪಿತಾಳೂ ಬಂದಳು. ನಾನು ತನ್ನ ಹೆಂಡತಿಯೊಂದಿಗೆ ಅಸಭ್ಯವಾಗಿ ಮಾತಾಡಿದ್ದೇನೆಂದು ರಾಕೇಶ ತಿಳಿಸಿದನು. ನಡೆದ ಮಾತು ಏನೆಂದು ಸಾಹೇಬರು ನನ್ನನ್ನು ಕೇಳಿದರು. ನಾನು ಅಸಭ್ಯವಾದದ್ದನ್ನು ಏನೂ ಆಡಿಲ್ಲ, ಆದರೆ ಆಕೆ ಹೇಳಿದ್ದನ್ನು ನಾನು ಹೇಳುವುದಿಲ್ಲ ಎಂದೆನು. ಹಾಗಾದರೆ ನಿಮ್ಮ ಮಾತನ್ನು ನಂಬುವುದು ಹೇಗೆ ಎಂದು ಅವರು ಕೇಳಿದರು.

ಅಲ್ಲಿಯವರೆಗೆ ಅರ್ಪಿತಾ ಹೊರಗಿನ ಬೆಂಚಿನಲ್ಲಿ ಪ್ರೇಮಕ್ಕನ ಪಕ್ಕ ಕುಳಿತಿದ್ದಳು. ಆಕೆ ಎದ್ದು ಒಳಗೆ ಬಂದು ಮೇಜಿನ ಮುಂದೆ ನಿಂತಳು.

"ನಾನೇ ಹೇಳ್ತೀನಿ ಸಾರ್, ಬರ್ಕೊಳ್ಳಿ," ಎಂದಳು. "ಮೂರು ತಿಂಗಳಿಂದ ಮುಟ್ಟು ಹತ್ತು ದಿನ ಆದ್ರೂ ನಿಲ್ತಾ ಇಲ್ಲ. ನಿಂತಲ್ಲಿ ತಲೆ ಸುತ್ತು ಬರ್ತದೆ. ಇನ್ನೂ ನಾಲ್ಕು ಪ್ಯಾಡ್ ಕೊಡಿ ಅಂತ ಕೇಳಿದೆ. ಮಲ್ಲೇಶಣ್ಣ ಕೊಡ್ಲಿಲ್ಲ. ಇದಕ್ಕೆ ಪ್ಯಾಡ್ ಅಲ್ಲ, ಡಾಕ್ಟ್ರು ಬೇಕು, ಮನೇಲಿ ಹೇಳು ಅಂದ್ರು. ಅವ್ರು ಆಡಿದ್ದು ಅಷ್ಟೇ ಮಾತು."

ತನಗೇಕೆ ಹೇಳಲಿಲ್ಲ ಎಂದು ರಾಕೇಶ ಕೇಳಿದನು. ಆಕೆ ಅವನ ಕಡೆ ತಿರುಗದೆಯೇ, "ಅವತ್ತು ರಾತ್ರಿ ಹೇಳ್ಬೇಕು ಅಂತ ಇದ್ದೆ. ಅಷ್ಟೊತ್ತಿಗೆ ನೀವು ಹೊಡೆದು ಬಂದಿದ್ರಿ" ಎಂದಳು. ಈ ಮಾತುಗಳನ್ನು ಆಕೆಯ ಒಪ್ಪಿಗೆಯಿಂದಲೇ ಇಲ್ಲಿ ಬರೆಸಿರುತ್ತೇನೆ.

ರಾಕೇಶನು ಸರ್ಕಾರಿ ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರು ಯಾವ ದಿನ ಸಿಗುತ್ತಾರೆ ಎಂದು ಮಹಿಳಾ ಪೇದೆಯನ್ನು ಕೇಳಿದನು. ಅವರಿಗೆ ಗೊತ್ತಿರಲಿಲ್ಲ. ಸೋಮವಾರ ಮತ್ತು ಗುರುವಾರ ಸಿಗುತ್ತಾರೆ, ಚೀಟಿ ಮಾಡಿಸಲು ಬೇಗ ಹೋಗಬೇಕು, ಆಕೆಯನ್ನು ಬಸ್ಸಿನಲ್ಲಿ ನಿಲ್ಲಿಸಿಕೊಂಡು ಹೋಗಬೇಡ ಎಂದು ನಾನು ಹೇಳಿದೆನು. ಆಗಲಿ ಎಂದನು.

ಅವನ ಮೇಲೆ ಕೇಸು ಮಾಡುವ ಇಷ್ಟ ನನಗಿಲ್ಲ. ಗಜಾನನನು ಮಾತಾಡಿದ ಅದೇ ಹೋಟೆಲಿಗೆ ಹೋಗಿ, ನಾನು ತಪ್ಪು ಮಾತಾಡಿಲ್ಲವೆಂದು ರಾಕೇಶನೇ ಹೇಳಬೇಕೆಂದು ಕೇಳಿಕೊಂಡಿದ್ದೇನೆ. ಏನು ಮಾತು ಎಂಬುದನ್ನು ಅಲ್ಲಿ ಹೇಳಕೂಡದೆಂದೂ ತಿಳಿಸಿದ್ದೇನೆ. ಅವನು ಒಪ್ಪಿರುತ್ತಾನೆ. ನಾಳೆಯಿಂದ ನಾನು ಪ್ಯಾಡ್‌ಗಳನ್ನು ಮೊದಲಿನ ಸಾಲಿನಲ್ಲಿಯೇ ಇಟ್ಟು ಮಾರುತ್ತೇನೆ. ಯಾರಾದರೂ ಕೇಳಿದರೆ ಗೊತ್ತಿದ್ದಷ್ಟು ಹೇಳುತ್ತೇನೆ. ಅವರು ನನಗೆ ಹೇಳಿದ್ದನ್ನು ಮಾತ್ರ ಇನ್ನು ಮುಂದೆಯೂ ಯಾರಿಗೂ, ಈ ಠಾಣೆಗೂ, ಹೇಳುವುದಿಲ್ಲ.

ನಾನು ಹೇಳಿದಂತೆಯೇ ಬರೆದಿದ್ದನ್ನು ಓದಿಸಿ ಕೇಳಿದ್ದೇನೆ. ಸತ್ಯವಾಗಿರುತ್ತದೆ.

ಸ್ಥಳ: ನರಸಿಂಹರಾಜಪುರ
ದಿನಾಂಕ: 13-06-2025

(ಸಹಿ) ಮಲ್ಲೇಶಪ್ಪ